ಸಾರ್, ಒಂದಕ್ಕೆ ಹೋಗ್ಬರ್ಲಾ?

ಹೆಸರು, ಊರು, ಸ್ಕೂಲು ಯಾವುದೂ ಹಾಕಿಲ್ಲ, ಒಂದೆರಡು ವಿವರ ಬೇಕಂತಲೇ ಬದಲಾಯಿಸಿದೀನಿ. ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಸ್ಕೂಲು ಅಂತಷ್ಟೇ ಇಟ್ಕೊಳಿ.

ಎಂಟನೇ ಕ್ಲಾಸಿನ ಹುಡುಗಿ, 13 ವರ್ಷ. ಅಪ್ಪ ಟೊಮ್ಯಾಟೊ ಮಂಡೀಲಿ ಲೋಡಿಂಗ್, ಅಮ್ಮ ಎರಡು ಸೀಮೆಹಸು ಇಟ್ಕೊಂಡು ಡೈರಿಗೆ ಹಾಲು ಹಾಕ್ತಾರೆ. ನನ್ನ ಹತ್ರ ಕೌನ್ಸೆಲಿಂಗ್‌ಗೆ ಕರ್ಕೊಂಡು ಬಂದಿದ್ದು ಅಮ್ಮ, ಕಳಿಸಿದ್ದು ಮಾತ್ರ ಮ್ಯಾತ್ಸ್ ಮೇಷ್ಟ್ರು. ಕಂಪ್ಲೇಂಟ್ ಏನಪ್ಪಾ ಅಂದ್ರೆ ಪೀರಿಯಡ್ ಶುರುವಾಗಿ ಹತ್ತು ನಿಮಿಷ ಆಗಿರಲ್ಲ, ಕಿರುಬೆರಳು ಎತ್ತಿ ನಿಂತ್ಕೋತಾಳೆ, ಹೋದೋಳು ಬೇಗ ಬರಲ್ಲ, ಬೇಡ ಅಂದ್ರೆ ಡೆಸ್ಕ್ ಮೇಲೆ ತಲೆ ಇಟ್ಟು ಅಳ್ತಾಳೆ. ಫೋನ್ ಮಾಡಿದಾಗ ಮೇಷ್ಟ್ರು ಹೇಳಿದ್ದು ಇಷ್ಟು, "ಮೇಡಂ, ಕ್ಲಾಸಲ್ಲಿ 48 ಮಕ್ಳು, ಇವಳೊಬ್ಬಳನ್ನ ಬಿಟ್ರೆ ಹಿಂದೇನೇ ಆರು ಜನ ಏಳ್ತಾರೆ, 40 ನಿಮಿಷದಲ್ಲಿ ನಾನು ಬೀಜಗಣಿತ ಮಾಡ್ಲಾ, ಗೇಟ್ ಕಾಯ್ಲಾ?" ಅವ್ರ ಮಾತನ್ನ ನಾನು ತಳ್ಳಿಹಾಕಲ್ಲ. ಪಾಠ ಅರ್ಧಕ್ಕೆ ತುಂಡಾದ್ರೆ ನಷ್ಟ ಹೊರಗೆ ಹೋದೋರಿಗಷ್ಟೇ ಅಲ್ಲ, ಒಳಗೆ ಕೂತಿರೋರಿಗೂ ಇದೆ.

ಹುಡುಗಿ ಮೊದಲನೇ ಸಲ ಬಾಯೇ ಬಿಡ್ಲಿಲ್ಲ. ಎರಡನೇ ಸಲ ಬೆಳಿಗ್ಗೆಯಿಂದ ಏನೇನು ಕುಡೀತೀಯಮ್ಮ ಅಂತ ಕೇಳ್ದೆ, ಅಲ್ಲಿ ಸಿಕ್ತು ದಾರಿ. ಸ್ಕೂಲಲ್ಲಿ 2013ರಿಂದ ಕೊಡ್ತಿರೋ ಕ್ಷೀರಭಾಗ್ಯದ ಹಾಲು, ಈಗೀಗ ಬಂದಿರೋ ರಾಗಿ ಮಾಲ್ಟು, ಎರಡನ್ನೂ ಪಕ್ಕದವಳ ಲೋಟಕ್ಕೆ ಬಗ್ಗಿಸ್ತಾಳಂತೆ. ಡೈರಿಗೆ ಹಾಲು ಹಾಕೋ ಮನೆ ಮಗು ಹಾಲು ಯಾಕೆ ಬೇಡ ಅನ್ನುತ್ತೆ? "ಕುಡಿದ್ರೆ ಹೋಗ್ಬೇಕಾಗ್ತದಲ್ಲ ಮಿಸ್" ಅಂದ್ಲು. ನೀರಿನ ಬಾಟಲಿ ಬೆಳಿಗ್ಗೆ ಹೇಗೆ ಹೋಯ್ತೋ ಸಂಜೆ ಹಾಗೇ ತುಂಬಿಕೊಂಡು ಮನೆಗೆ ವಾಪಸ್. ಉರಿ ಉರಿ ಅಂದಿದ್ದಕ್ಕೆ ಅಮ್ಮ ಉಷ್ಣ ಆಗಿದೆ ಅಂತ ಕಾಮಕಸ್ತೂರಿ ಬೀಜ ನೆನೆಸಿ ಕೊಟ್ಟಿದ್ರು. ನಾನು ಮೊದ್ಲು ಯೂರಿನ್ ಟೆಸ್ಟ್ ಮಾಡ್ಸಿ, ಆಮೇಲೆ ಮಿಕ್ಕ ಮಾತು ಅಂದೆ. ಇನ್ಫೆಕ್ಷನ್ ಇತ್ತು. ನೀರು ಕಮ್ಮಿ ಕುಡಿದು, ಬಂದಿದ್ದನ್ನ ಗಂಟೆಗಟ್ಲೆ ತಡ್ಕೊಂಡ್ರೆ ಹೆಣ್ಮಕ್ಕಳಿಗೆ ಇದು ಬೇಗ ಬರುತ್ತೆ, ಬಂದ್ಮೇಲೆ ಸ್ವಲ್ಪ ತುಂಬಿದ್ರೂ ಅರ್ಜೆಂಟ್ ಅನ್ಸುತ್ತೆ, ಅಂದ್ರೆ ತಡೆದಿದ್ದಕ್ಕೇ ಜಾಸ್ತಿ ಸಲ ಹೋಗೋ ಹಾಗಾಯ್ತು.

ಇಂಟರ್ವಲ್‌ನಲ್ಲಿ ಹೋಗ್ಬಾರ್ದಾ ಅಂತ ಎಲ್ರೂ ಕೇಳೋ ಪ್ರಶ್ನೆ ನಾನೂ ಕೇಳ್ದೆ, ಆಮೇಲೆ ಒಂದಿನ ಹೋಗಿ ಕಣ್ಣಾರೆ ನೋಡ್ದೆ. ಹುಡುಗಿಯರು 120, ಟಾಯ್ಲೆಟ್ ಮೂರು, ಇಂಟರ್ವಲ್ 10 ನಿಮಿಷ. ಲೆಕ್ಕ ಹಾಕಿದ್ರೆ ತಲೆಗೆ 15 ಸೆಕೆಂಡು. ಅದರಲ್ಲೂ ಒಂದಕ್ಕೆ ಚಿಲಕ ಇಲ್ಲ, ಸೆಣಬಿನ ಹಗ್ಗ ಕಟ್ಟಿದಾರೆ, ಹೊರಗಡೆ ಗೆಳತಿ ಹಿಡ್ಕೊಂಡು ನಿಂತ್ಕೋಬೇಕು, ತಿಂಗಳ ದಿನಗಳಲ್ಲಂತೂ ಕೇಳೋದೇ ಬೇಡ. 2019ರ ಕೊನೇಲಿ ಕೇರಳ ನೋಡಿ ನಮ್ಮ ರಾಜ್ಯದಲ್ಲೂ ವಾಟರ್ ಬೆಲ್, ಅಂದ್ರೆ ಮಕ್ಕಳು ನೀರು ಕುಡೀಲಿ ಅಂತ ಹೊಡೆಯೋ ಬೆಲ್, ಮಾಡಿ ಅಂದ್ರಲ್ಲ, ಒಳ್ಳೇದೇ, ಆದ್ರೆ ಕುಡಿದ ನೀರು ಹೋಗೋಕೆ ಬೆಲ್ ಯಾರೂ ಹೊಡೀಲಿಲ್ಲ.

ಇಷ್ಟರಲ್ಲಿ ಕೇಸ್ ಮುಗೀತು ಅಂದ್ಕೊಂಡಿದ್ದೆ. ಮಾತ್ರೆ ಮುಗಿದು ಇನ್ಫೆಕ್ಷನ್ ಹೋದ್ಮೇಲೂ ಮ್ಯಾತ್ಸ್‌ನಲ್ಲಿ ಮಾತ್ರ ಕಿರುಬೆರಳು ಇಳೀಲಿಲ್ಲ. ಒಂದು ವಾರ ಹೊರಗೆ ಹೋದ ಟೈಮು, ಬಂದ ಟೈಮು ನೋಟ್‌ಬುಕ್ಕಿನ ಕೊನೇ ಪೇಜಲ್ಲಿ ಬರೀ ಅಂದೆ. ವಾರದಲ್ಲಿ ಒಂಬತ್ತು ಸಲ, ಅದರಲ್ಲಿ ಏಳು ಸಲ ಮ್ಯಾತ್ಸು, ಅದೂ ಮೇಷ್ಟ್ರು ಬೋರ್ಡ್ ಹತ್ರ ಒಬ್ಬೊಬ್ರನ್ನ ಕರೆಯೋ ಹೊತ್ತು. ಹಿಂದೆ ಒಂದಿನ ಬೋರ್ಡ್ ಮುಂದೆ ಲೆಕ್ಕ ತಪ್ಪಾಗಿ, ಅದೇ ಹೊತ್ತಿಗೆ ಒಂದಕ್ಕೆ ಅಂತ ಕೇಳಿದ್ದಕ್ಕೆ "ಲೆಕ್ಕ ಬರ್ದೇ ಇದ್ರೆ ಇದು ಬರ್ತದಾ?" ಅಂದಿದ್ರಂತೆ, ಇಡೀ ಕ್ಲಾಸ್ ನಕ್ಕಿತ್ತು. ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17ರಲ್ಲಿ ಹೊಡೆಯೋದು ಮಾತ್ರ ಅಲ್ಲ, ಮಾನಸಿಕ ಕಿರುಕುಳವೂ ನಿಷೇಧ. ಅದು ನನ್ನ ನಾಲಿಗೆ ತುದೀಲಿತ್ತು, ಹೇಳ್ಲಿಲ್ಲ. ಹೇಳಿದ್ರೆ ಮೇಷ್ಟ್ರು ಅವತ್ತಿಂದ ಅವಳನ್ನ ಮುಟ್ಟಿದ್ರೆ ಮುನಿ ಥರ ಬಿಟ್ಟುಬಿಡ್ತಿದ್ರು, ಅದು ನನಗೆ ಬೇಕಿರ್ಲಿಲ್ಲ.

ಇಲ್ಲಿ ತಪ್ಪು ಮಾಡಿದ್ದು ನಾನೇ. ರಟ್ಟಿನ ಕಾರ್ಡ್ ಒಂದು ಮಾಡ್ಕೊಟ್ಟು, ಯಾವಾಗ ಬೇಕಾದ್ರೂ ತೋರಿಸಿ ಹೋಗು, ಸಮಾಧಾನ ಆದ್ಮೇಲೆ ಬಾ ಅಂದೆ. ಸಮಾಧಾನ ಎಲ್ಲಿ ಆಗುತ್ತೆ? ಹೊಂಗೆಮರದ ಕೆಳಗೆ 25 ನಿಮಿಷ ಕೂತಿರೋಕೆ ಶುರು ಮಾಡಿದ್ಲು. ಭಯ ಆದಾಗೆಲ್ಲ ಎದ್ದು ಹೋದ್ರೆ ಆ ಕ್ಷಣಕ್ಕೆ ಹಗುರ ಆಗುತ್ತೆ, ಮಾರನೇ ದಿನ ಭಯ ಇನ್ನೂ ಒಂದು ಗೇಣು ಬೆಳೆದಿರುತ್ತೆ, ಗೊತ್ತಿದ್ದೂ ಎಡವಿದೆ. ಮೇಲಿಂದ ಹಿಂದಿನ ಬೆಂಚಿನೋನೊಬ್ಬ ಅದೇ ಕಾರ್ಡ್ ಎರವಲು ತಗೊಂಡು ಅಂಗಡಿಗೆ ಹೋಗ್ಬಂದ. ಮೇಷ್ಟ್ರು ಏನೂ ಅನ್ಲಿಲ್ಲ, ಸುಮ್ನೆ ನನ್ನ ಮುಖ ನೋಡಿದ್ರು.

ಆಮೇಲೆ ಮೇಷ್ಟ್ರು, ಅಮ್ಮ, ಹುಡುಗಿ, ನಾನು ನಾಲ್ಕೂ ಜನ ಕೂತು ಒಪ್ಕೊಂಡಿದ್ದು ಇದು. ನಿಜವಾಗ್ಲೂ ಬಂದಿದ್ರೆ ಯಾವತ್ತೂ ತಡೆಯೋ ಹಾಗಿಲ್ಲ, ಯಾಕೆ ಏನು ಅಂತ ಕ್ಲಾಸ್ ಮುಂದೆ ಕೇಳೋ ಹಾಗೂ ಇಲ್ಲ. ಭಯಕ್ಕೆ ಹೋಗೋದಾದ್ರೆ ಕಾರ್ಡು, ದಿನಕ್ಕೆ ಎರಡೇ ಸಲ, 5 ನಿಮಿಷ, ಎದೆ ಡವಡವ ನಿಂತಿರ್ಲಿ ಬಿಡ್ಲಿ ಒಳಗೆ ಬರ್ಬೇಕು, ಬಂದ ತಕ್ಷಣ ಬೋರ್ಡಿಗೆ ಕರೆಯಲ್ಲ, ಕೂತಲ್ಲೇ ಒಂದು ಲೆಕ್ಕ ಮಾಡಿ ತೋರಿಸ್ಬೇಕು. ಎರಡು ವಾರ ಆದ್ಮೇಲೆ ಮೊದ್ಲು ಗೆಳತಿ ಜೊತೆ ಬೋರ್ಡಿಗೆ, ಆಮೇಲೆ ಒಬ್ಬಳೇ. ಬೆಳಿಗ್ಗೆ ಹಾಲು ಕುಡೀಲೇಬೇಕು, ಮಧ್ಯಾಹ್ನದೊಳಗೆ ಬಾಟಲಿ ಅರ್ಧ ಖಾಲಿ ಆಗ್ಬೇಕು, ಅದರ ಉಸ್ತುವಾರಿ ಅಮ್ಮಂದು. ಸ್ಕೂಲಿಗೆ ಎರಡು ಕೇಳ್ದೆ, ಚಿಲಕ, ಮತ್ತೆ ಆರು-ಏಳನೇ ಕ್ಲಾಸಿನೋರಿಗೂ ಎಂಟನೆಯೋರಿಗೂ ಇಂಟರ್ವಲ್ ಹತ್ತು ನಿಮಿಷ ಹಿಂದೆ ಮುಂದೆ ಬಿಡೋದು. ಇಂಟರ್ವಲ್ ಬದಲಾಯಿಸೋಕೆ ಎಚ್‌ಎಂ ಒಂದೇ ಮಾತಿಗೆ ಒಪ್ಪಿದ್ರು. ಚಿಲಕಕ್ಕೆ ಎಸ್‌ಡಿಎಂಸಿ (ಸ್ಕೂಲಿನ ಉಸ್ತುವಾರಿ ಸಮಿತಿ) ಮೀಟಿಂಗ್ ಆಗ್ಬೇಕು ಅಂದ್ರು, ಕೊನೆಗೆ ಹುಡುಗಿ ಅಪ್ಪನೇ ಒಂದು ಭಾನುವಾರ ಬಂದು ಹಾಕಿ ಹೋದ್ರು.

ಆರು ವಾರಕ್ಕೆ ಕಾರ್ಡ್ ವಾರದಲ್ಲಿ ಒಂದ್ಸಲ ಹೊರಗೆ ಬರೋ ಮಟ್ಟಕ್ಕೆ ಇಳೀತು. ಮೂಲೆ ಮಾತ್ರ ಕಚ್ಚಿ ಕಚ್ಚಿ ಪುಡಿಯಾಗಿತ್ತು. ಬೋರ್ಡ್ ಮುಂದೆ ಈಗ್ಲೂ ಕೈ ನಡುಗ್ತದೆ ಅಂತಾಳೆ, ನಡುಗ್ಲಿ, ಹೋಗ್ತಿದಾಳಲ್ಲ.

ಹೋದ ತಿಂಗಳು ಮೇಷ್ಟ್ರೇ ಫೋನ್ ಮಾಡಿದ್ರು. "ಮೇಡಂ, ಇನ್ನೊಬ್ಬ ಹುಡ್ಗ ಬೆರಳು ಎತ್ತೋಕೆ ಶುರು ಮಾಡಿದಾನೆ, ಇವನಿಗೂ ಕಾರ್ಡ್ ಕೊಡ್ಲಾ, ಅಥವಾ ಇದು ಬರೀ ಅಂಗಡಿ ಕೇಸಾ?" ಅಂದ್ರು. ಮೊದ್ಲು ಒಂದು ವಾರ ಟೈಮ್ ಬರ್ಸಿ ಸಾರ್, ಆಮೇಲೆ ನೋಡೋಣ ಅಂದೆ.