ಕಾರ್ಖಾನೆಯಿಂದ ಬರುವ ಹೋಟೆಲ್ ಕೋಣೆ

ಪ್ರಶ್ನೆ: ಕಲಬುರಗಿ ಹೊರವಲಯದಲ್ಲಿರುವ ನಮ್ಮ ಜಾಗದಲ್ಲಿ ಇಪ್ಪತ್ತು ಕೋಣೆಗಳ ವಸತಿಗೃಹ ಕಟ್ಟಬೇಕೆಂದಿದ್ದೇವೆ. ಕೋಣೆಗಳನ್ನು ಕಾರ್ಖಾನೆಯಲ್ಲೇ ತಯಾರಿಸಿ ತಂದು ಜೋಡಿಸುವ ಪದ್ಧತಿಯನ್ನು ಗುತ್ತಿಗೆದಾರರೊಬ್ಬರು ಸೂಚಿಸಿದ್ದಾರೆ. ಅದು ಪತ್ರಾ ಶೆಡ್ಡಿನಂತೆ ಕಾಯುತ್ತದೆ, ಬಾಳಿಕೆಯೂ ಬರುವುದಿಲ್ಲ ಎಂಬುದು ಮನೆಯ ಹಿರಿಯರ ಮಾತು. ಕೆಟ್ಟ ಕೋಣೆಯನ್ನು ಮೇಜಿನ ಖಾನೆಯಂತೆ ಎಳೆದು ಹೊಸದನ್ನು ಕೂಡಿಸಬಹುದು ಎಂಬುದು ಗುತ್ತಿಗೆದಾರರ ಮಾತು. ಯಾರನ್ನು ನಂಬಬೇಕು?

ಉತ್ತರ: ಬಾಳಿಕೆಯ ವಿಷಯದಲ್ಲಿ ಹಿರಿಯರ ಅನುಮಾನಕ್ಕೆ ಆಧಾರವಿಲ್ಲ. ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ 1968ರ ವಿಶ್ವಮೇಳಕ್ಕೆಂದು ಕಟ್ಟಿದ ಹಿಲ್ಟನ್ ಹೋಟೆಲಿನ ಸುಮಾರು 500 ಕೋಣೆಗಳು ಬೇರೆಡೆ ಕಾಂಕ್ರೀಟ್ ಪೆಟ್ಟಿಗೆಗಳಾಗಿ ಸಿದ್ಧಗೊಂಡು, ಪೀಠೋಪಕರಣ ಸಮೇತ 46 ದಿನಗಳಲ್ಲಿ ಕ್ರೇನಿನಿಂದ ಮೇಲೇರಿದವು. ಆ ಹೋಟೆಲು ಇಂದಿಗೂ ನಡೆಯುತ್ತಿದೆ. ಖಾನೆಯ ಮಾತಾದರೋ ಬರೀ ದಂತಕಥೆ. ಟೋಕಿಯೊದಲ್ಲಿ 1972ರಲ್ಲಿ ಇದೇ ಪದ್ಧತಿಯಲ್ಲಿ ಕಟ್ಟಿದ ನಕಗಿನ್ ಗೋಪುರದ 140 ಕೋಣೆಪೆಟ್ಟಿಗೆಗಳನ್ನು ಕಾಲಕಾಲಕ್ಕೆ ಬದಲಿಸುವ ಉದ್ದೇಶವೇ ಇತ್ತು. ಆದರೂ ಒಂದನ್ನೂ ಬದಲಿಸದೆ 2022ರಲ್ಲಿ ಇಡೀ ಕಟ್ಟಡವನ್ನೇ ಕಳಚಬೇಕಾಯಿತು.

ಬಿಸಿಲಿನ ಬಗ್ಗೆ ಹಿರಿಯರ ಆತಂಕ ಮಾತ್ರ ತಳ್ಳಿಹಾಕುವಂಥದ್ದಲ್ಲ. ಶಹಾಬಾದ್ ಕಲ್ಲಿನ ದಪ್ಪ ಗೋಡೆ ಹಗಲಿನ ಶಾಖವನ್ನು ಹಿಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ನಿಮಗೆ ಸೂಚಿಸಿದ ಕೋಣೆಗೆ ಉಕ್ಕಿನ ಚೌಕಟ್ಟಿನ ಹಗುರ ಗೋಡೆಯಿದ್ದರೆ ಅದಕ್ಕೆ ಆ ಶಕ್ತಿಯಿಲ್ಲವಾದ್ದರಿಂದ, ಹೊರಹಾಳೆಗೂ ಒಳಗಿನ ಜಿಪ್ಸಮ್ ಹಲಗೆಗೂ ನಡುವೆ ತುಂಬುವ ರಾಕ್‌ವೂಲ್ (ಕಲ್ಲಿನ ಎಳೆಗಳಿಂದ ಮಾಡಿದ, ಶಾಖ ತಡೆಯುವ ಹತ್ತಿಯಂಥ ವಸ್ತು) ಪದರವೇ ಎಲ್ಲವನ್ನೂ ನಿರ್ಧರಿಸುತ್ತದೆ. ಏಪ್ರಿಲ್ ತಿಂಗಳ ಇಳಿಹೊತ್ತಿನಲ್ಲಿ ಮಾದರಿ ಕೋಣೆಯೊಂದಕ್ಕೆ ಹೋಗಿ, ಎಸಿ ಹಾಕಿಸದೆ, ಪಶ್ಚಿಮದ ಗೋಡೆಯ ಮೇಲೆ ಅಂಗೈ ಆಡಿಸಿ ನೋಡಿ. ಸಮ ಅಂತರದಲ್ಲಿ ಬಿಸಿ ಪಟ್ಟಿಗಳು ಕೈಗೆ ತಾಗಿದರೆ, ಒಳಗಿನ ಉಕ್ಕಿನ ಕಂಬಗಳು ಶಾಖವನ್ನು ನೇರವಾಗಿ ಒಳತರುತ್ತಿವೆ ಎಂದರ್ಥ. ಅಂಥ ಕೋಣೆ ಬೇಡ. ಮೇಲಂತಸ್ತಿನ ಚಾವಣಿಯ ಮೇಲೆ, ನಡುವೆ ಗಾಳಿಯಾಡುವಂತೆ, ಇನ್ನೊಂದು ಮಾಡು ಬೇಕೇ ಬೇಕು. (ಪಕ್ಕದ ಕೋಣೆಯ ಟಿವಿ ಸದ್ದಿನ ಭಯವಿದ್ದರೆ ಬಿಡಿ: ಎರಡು ಪೆಟ್ಟಿಗೆಗಳ ನಡುವೆ ಎರಡು ಗೋಡೆಗಳಿರುತ್ತವೆ.)

ಕಾರ್ಖಾನೆ ನಿಮ್ಮ ಎರೆಮಣ್ಣನ್ನು ಬದಲಿಸಲಾರದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ನೆಲದಲ್ಲಿ ತಳಪಾಯ ಒಂದು ಕಡೆ ಕುಸಿದರೂ ಪೆಟ್ಟಿಗೆಗಳ ನಡುವಿನ ಕೊಳವೆ ಜೋಡಣೆಗಳು ಸಡಿಲಾಗುತ್ತವೆ, ಆದ್ದರಿಂದ ಮಣ್ಣುಪರೀಕ್ಷೆಗೆ, ಅಡಿಪಾಯಕ್ಕೆ ಆಗುವ ಖರ್ಚು ತಪ್ಪದು. ಉಳಿಯುವುದು ಮುಖ್ಯವಾಗಿ ಸಮಯ. ತಳಪಾಯ ಇಲ್ಲಿ ಏಳುವಾಗಲೇ ಕೋಣೆಗಳು ಅಲ್ಲಿ ಸಿದ್ಧವಾಗುತ್ತಿರುತ್ತವೆ. ಆದರೆ ಅಗಲವಾದ ಪೆಟ್ಟಿಗೆಗಳ ಸಾಗಣೆಗೆ ಪರವಾನಗಿ, ದಾರಿಯ ತಗ್ಗು ರೈಲ್ವೆ ಸೇತುವೆಗಳು, ಮಳೆಗಾಲದಲ್ಲಿ ಹೂತುಹೋಗುವ ಕ್ರೇನ್, ಇವೆಲ್ಲದರ ವೆಚ್ಚ ಇಪ್ಪತ್ತೇ ಕೋಣೆಗಳ ಮೇಲೆ ಬೀಳುವುದರಿಂದ ನಿಮಗೆ ಲಾಭ ಕಡಿಮೆಯೆಂದೇ ನನ್ನ ಎಣಿಕೆ. ಗೋಡೆಗಳನ್ನು ಎಂದಿನಂತೆ ಕಟ್ಟಿಸಿ, ಬಚ್ಚಲುಮನೆಗಳನ್ನಷ್ಟೇ ಸಿದ್ಧರೂಪದಲ್ಲಿ ತರಿಸಿ. ಕಾರ್ಖಾನೆ ಬಿಡುವ ಮುನ್ನ ಪ್ರತಿಯೊಂದರಲ್ಲೂ ಒಂದು ದಿನ ನೀರು ತುಂಬಿ ಬಿಟ್ಟು ಸೋರಿಕೆ ನೋಡಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳಿ.