ಬಡಾವಣೆ ಚೆಂದವಾದ ಮೇಲೆ ನಾವು ಅಲ್ಲೇ ಇರುತ್ತೇವಾ?

ಪ್ರಶ್ನೆ: ಹದಿನೆಂಟು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಹಳೇ ಬಡಾವಣೆಯನ್ನು ಅಭಿವೃದ್ಧಿ ಮಾಡುತ್ತೇವೆ ಅಂತ ನಗರಾಡಳಿತ ಹೇಳಿದೆ. ರಸ್ತೆ, ಚರಂಡಿ, ಪಾರ್ಕ್ ಎಲ್ಲಾ ಆಗುತ್ತಂತೆ. ಮನೆ ಮಾಲೀಕರು ಈಗಲೇ ಬಾಡಿಗೆ ಏರಿಸುವ ಮಾತು ತೆಗೆದಿದ್ದಾರೆ. ಖುಷಿಪಡಬೇಕೋ ಹೆದರಬೇಕೋ ಗೊತ್ತಾಗುತ್ತಿಲ್ಲ.

ಉತ್ತರ: ನಿಮ್ಮ ಹೆದರಿಕೆ ಸುಳ್ಳಲ್ಲ. ರಸ್ತೆ ಸರಿಹೋದರೆ ಜಾಗಕ್ಕೆ ಬೆಲೆ ಬರುತ್ತದೆ, ಜಾಗಕ್ಕೆ ಬೆಲೆ ಬಂದರೆ ಬಾಡಿಗೆ ಏರುತ್ತದೆ. ಮಾಲೀಕರಿಗೆ ಲಾಭ ತರುವ ಅದೇ ರಸ್ತೆ ಬಾಡಿಗೆದಾರರನ್ನು ಮನೆ ಬಿಡಿಸುತ್ತದೆ. ಹಾಗಂತ ಚರಂಡಿ ಬೇಡ ಅನ್ನೋಕಾಗುತ್ತಾ? ಮಳೆ ಬಂದಾಗಲೆಲ್ಲ ಮನೆಯೊಳಗೆ ನೀರು ನುಗ್ಗುವ ಕಡೆ ಮಕ್ಕಳನ್ನು ಬೆಳೆಸುವುದು ಯಾರಿಗೂ ಬೇಡ. ಯೋಜನೆ ಬರಲಿ. ಆದರೆ ಬಾಡಿಗೆಗೆ ಏನು ಕಟ್ಟುಪಾಡು ಹಾಕಿದ್ದಾರೆ ಅಂತ ಮೊದಲು ಕೇಳಿ.

ಅಂಥ ಕಟ್ಟುಪಾಡು ಹಾಕಿದ ನಗರಗಳಿವೆ. ಆಸ್ಟ್ರಿಯಾದ ವಿಯೆನ್ನಾದಲ್ಲಿ ನೂರು ವರ್ಷ ದಾಟಿದ ಎಷ್ಟೋ ಕಟ್ಟಡಗಳಲ್ಲಿ ಶೌಚಾಲಯ ಮನೆಯ ಹೊರಗೆ, ಎಲ್ಲರೂ ಓಡಾಡುವ ಮೊಗಸಾಲೆಯಲ್ಲಿತ್ತು. ನೀರಿನ ನಲ್ಲಿಯೂ ಅಲ್ಲೇ, ಒಂದು ಮಹಡಿಗೆಲ್ಲ ಒಂದು. ಆ ನಗರ 1984ರಲ್ಲಿ ಮನೆಗೆ ಬೇಕಾದ ಜಾಗ ಕೊಳ್ಳುವುದಕ್ಕೆ, ಹಳೇ ಕಟ್ಟಡ ಸರಿಪಡಿಸುವುದಕ್ಕೆ ಅಂತಲೇ ಒಂದು ನಿಧಿ ಮಾಡಿತು. ಕೆಡವಲಿಲ್ಲ, ಜನರನ್ನು ಎತ್ತಂಗಡಿ ಮಾಡಲಿಲ್ಲ, ಆದಷ್ಟು ಅವರು ವಾಸವಿರುವಾಗಲೇ ಕೆಲಸ ಮಾಡಿಸಿ ನಲ್ಲಿ, ಶೌಚಾಲಯಗಳನ್ನು ಮನೆಯೊಳಗೆ ತಂದರು. ಮಾಲೀಕರು ರಿಪೇರಿಗೆ ಸಬ್ಸಿಡಿ ತೆಗೆದುಕೊಂಡರೆ ಇಂತಿಷ್ಟು ವರ್ಷ ಬಾಡಿಗೆಯನ್ನು ಮಿತಿ ಮೀರಿ ಏರಿಸುವಂತಿಲ್ಲ ಅನ್ನುವ ಷರತ್ತೂ ಜೊತೆಗಿತ್ತು. ನನ್ನ ಪ್ರಕಾರ ಈ ಷರತ್ತೇ ಯೋಜನೆಯ ಜೀವ. ಸರ್ಕಾರದ ದುಡ್ಡಲ್ಲಿ ಮನೆ ಸರಿಮಾಡಿಸಿಕೊಂಡು, ಅದೇ ಮನೆಯಿಂದ ಬಾಡಿಗೆದಾರರನ್ನು ಹೊರಗೆ ಹಾಕುವುದು ಅನ್ಯಾಯ.

ನೀವು ಈಗ ಮಾಡಬೇಕಾದ್ದು ಇಷ್ಟು. ಸಮೀಕ್ಷೆಗೆ ಬಂದಾಗ ಮಾಲೀಕರ ಹೆಸರು ಮಾತ್ರ ಬರೆದುಕೊಂಡು ಹೋಗಲು ಬಿಡಬೇಡಿ, ಬಾಡಿಗೆದಾರರ ಪಟ್ಟಿಯೂ ಆಗಬೇಕು. ಎಷ್ಟೋ ಕಡೆ ಬಾಡಿಗೆದಾರರು ಕೈತಪ್ಪಿ ಹೋಗುವುದು ಇದೇ ಹಂತದಲ್ಲಿ. ಬಾಡಿಗೆ ಕರಾರು, ರಸೀದಿ, ಕರೆಂಟ್ ಬಿಲ್, ಮಕ್ಕಳ ಶಾಲೆಯ ಕಾಗದ, ಹದಿನೆಂಟು ವರ್ಷದಿಂದ ಅಲ್ಲೇ ಇದ್ದೀರಿ ಅಂತ ತೋರಿಸುವ ಎಲ್ಲವನ್ನೂ ಒಂದು ಫೈಲಿಗೆ ಹಾಕಿಡಿ. ಸ್ವಲ್ಪ ದಿನ ಬೇರೆ ಕಡೆ ಇರಿ ಅಂತ ಹೇಳಿದರೆ, ಎಲ್ಲಿ, ಎಷ್ಟು ತಿಂಗಳು, ವಾಪಸ್ ಬಂದಾಗ ಬಾಡಿಗೆ ಎಷ್ಟು ಅನ್ನುವುದನ್ನು ಬರಹದಲ್ಲೇ ತೆಗೆದುಕೊಳ್ಳಿ. ಬಾಯಿಮಾತು ಸಾಲದು. ಒಬ್ಬರೇ ಹೋಗಬೇಡಿ, ಅಕ್ಕಪಕ್ಕದವರನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ಹಳೇ ಕೇರಿಗಳನ್ನೆಲ್ಲ ಕೆಡವಿ ದೊಡ್ಡ ದೊಡ್ಡ ಫ್ಲ್ಯಾಟ್ ಕಟ್ಟಿಬಿಟ್ಟರೆ ಎಲ್ಲರಿಗೂ ಮನೆ ಸಿಗುತ್ತಲ್ವಾ? ಸುಮ್ನೆ ಯಾಕೆ ಇಷ್ಟು ಚರ್ಚೆ?

ಉತ್ತರ: ಕಟ್ಟುವುದು ಒಂದು ಸಲದ ಖರ್ಚು. ನೋಡಿಕೊಳ್ಳುವುದು ಐವತ್ತು ವರ್ಷದ ಖರ್ಚು. ಲಿಫ್ಟನ್ನೇ ತೆಗೆದುಕೊಳ್ಳಿ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಪ್ರುಯಿಟ್ ಐಗೋ ಅಂತ ಬಡವರಿಗಾಗಿ 11 ಮಹಡಿಯ 33 ಕಟ್ಟಡಗಳನ್ನು ಕಟ್ಟಿದರು. 1954ರಲ್ಲಿ ಜನ ಬಂದರು. ಖರ್ಚು ಉಳಿಸಲು ಲಿಫ್ಟ್ ಎಲ್ಲಾ ಮಹಡಿಯಲ್ಲೂ ನಿಲ್ಲುತ್ತಿರಲಿಲ್ಲ: 1, 4, 7, 10, ಅಷ್ಟೇ. ಆರನೇ ಮಹಡಿಯವರು ಏಳರಲ್ಲಿ ಇಳಿದು ಕೆಳಗೆ ಬರಬೇಕು, ಇಲ್ಲ ನಾಲ್ಕರಿಂದ ಮೇಲೆ ಹತ್ತಬೇಕು. ಕೈಯಲ್ಲಿ ಸಾಮಾನಿನ ಚೀಲ, ಸೊಂಟದಲ್ಲಿ ಮಗು, ಮೆಟ್ಟಿಲ ಮೇಲೆ ಉರಿಯದ ಬಲ್ಬ್. ಕಟ್ಟುವುದಕ್ಕೆ ಕೇಂದ್ರದ ಹಣ ಬಂತು, ನಿರ್ವಹಣೆ ಮಾತ್ರ ಬಾಡಿಗೆಯಿಂದಲೇ ನಡೆಯಬೇಕಿತ್ತು. ಆ ಹೊತ್ತಿಗೆ ಊರಿನ ಜನಸಂಖ್ಯೆಯೇ ಇಳಿಯುತ್ತಿತ್ತು. ಮನೆ ಖಾಲಿಯಾದಷ್ಟೂ ಬಾಡಿಗೆ ಕಡಿಮೆ, ಬಾಡಿಗೆ ಕಡಿಮೆಯಾದಷ್ಟೂ ರಿಪೇರಿ ಕಡಿಮೆ, ರಿಪೇರಿ ಇಲ್ಲದ ಕಡೆ ಇನ್ನಷ್ಟು ಜನ ಖಾಲಿ ಮಾಡಿದರು. 1972ರಲ್ಲಿ ಸ್ಫೋಟಿಸಿ ಕೆಡವಲು ಶುರು ಮಾಡಿ, 1976ರ ಹೊತ್ತಿಗೆ ಎಲ್ಲವನ್ನೂ ನೆಲಸಮ ಮಾಡಿದರು. ಇದನ್ನು ಬಡವರ ತಪ್ಪು ಅಂತ ಹೇಳುವವರು ಇವತ್ತಿಗೂ ಇದ್ದಾರೆ. ನಾನು ಒಪ್ಪುವುದಿಲ್ಲ, ಲೆಕ್ಕ ತಪ್ಪಿದ್ದು ಯೋಜನೆ ಮಾಡಿದವರದ್ದು.

ಸಿಂಗಪುರದ ಸರ್ಕಾರಿ ವಸತಿ ಮಂಡಳಿ ಶುರುವಾಗಿದ್ದು 1960ರಲ್ಲಿ. ಈಗ ಅಲ್ಲಿನ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಅದು ಕಟ್ಟಿದ ಫ್ಲ್ಯಾಟ್‌ಗಳಲ್ಲೇ ಇದ್ದಾರೆ. ಅಲ್ಲಿನ ಹಳೇ ಕಟ್ಟಡಗಳಲ್ಲೂ ಲಿಫ್ಟ್ ಕೆಲವೇ ಮಹಡಿಗಳಲ್ಲಿ ನಿಲ್ಲುತ್ತಿತ್ತು. ಜನರಿಗೆ ವಯಸ್ಸಾಯಿತು, ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಆಗ, 2001ರಲ್ಲಿ, ಎಲ್ಲಾ ಮಹಡಿಯಲ್ಲೂ ಲಿಫ್ಟ್ ನಿಲ್ಲುವ ಹಾಗೆ ಮಾಡಲೆಂದೇ ಪ್ರತ್ಯೇಕ ಕಾರ್ಯಕ್ರಮ ಶುರು ಮಾಡಿದರು. ಕಟ್ಟಿದವರು ಕಟ್ಟಿ ಹೋಗಿಬಿಡಲಿಲ್ಲ.

ಇನ್ನು, ಕೆಡವಲೇಬೇಕು ಅಂತ ಇಲ್ಲ. ಇಂಡೋನೇಷ್ಯಾದ ಜಕಾರ್ತಾದಲ್ಲಿ 1969ರಿಂದ ಕಾಂಪುಂಗ್ ಅನ್ನುವ ಇಕ್ಕಟ್ಟಿನ ಕೇರಿಗಳಿಗೆ ಕಾಲುದಾರಿ, ಚರಂಡಿ, ನೀರು, ಶೌಚಾಲಯ ಕೊಟ್ಟರು. ಮನೆಗಳನ್ನು ಹೆಚ್ಚುಕಮ್ಮಿ ಇದ್ದ ಹಾಗೇ ಬಿಟ್ಟರು. ಕಾಲಿಗೆ ಕೆಸರು ತಾಗದಂತಾದ ಮೇಲೆ ಜನ ತಮ್ಮ ಮನೆಗಳನ್ನು ತಾವೇ ಸರಿಮಾಡಿಕೊಂಡರು.

ಪ್ರಶ್ನೆ: ಎಲ್ಲೋ ಸರ್ಕಾರ ಬಡವರಿಗೆ ಅರ್ಧ ಮನೆ ಮಾತ್ರ ಕಟ್ಟಿಕೊಟ್ಟಿತು ಅಂತ ಓದಿದೆ. ಅವಮಾನ ಅಲ್ವಾ ಇದು?

ಉತ್ತರ: ನೀವು ಓದಿದ್ದು ಚಿಲಿ ದೇಶದ ಇಕಿಕೆ ನಗರದ ಕಥೆ ಇರಬೇಕು. ಊರ ನಡುವೆ ಸುಮಾರು ಅರ್ಧ ಹೆಕ್ಟೇರ್ ಜಾಗದಲ್ಲಿ ಮೂವತ್ತು ವರ್ಷದಿಂದ ಗುಡಿಸಲು ಹಾಕಿಕೊಂಡಿದ್ದ ಕುಟುಂಬಗಳಿದ್ದವು. ಒಂದು ಮನೆಗೆ ಸಿಗುತ್ತಿದ್ದ ಸಬ್ಸಿಡಿ ಸುಮಾರು 7,500 ಡಾಲರ್, ಜಾಗದ ಬೆಲೆಯೂ ಅದರಲ್ಲೇ. ಇಡೀ ಮನೆ ಬೇಕೆಂದರೆ ದೂರದ ಅಗ್ಗದ ಜಾಗಕ್ಕೆ ಹೋಗಬೇಕಿತ್ತು, ಅಂದರೆ ಕೆಲಸ, ಶಾಲೆ, ಪರಿಚಯದವರು ಎಲ್ಲವನ್ನೂ ಬಿಟ್ಟು. ವಾಸ್ತುಶಿಲ್ಪಿ ಅಲೆಹಾಂಡ್ರೋ ಅರಾವೆನಾ ಅವರ ತಂಡ ಅದೇ ಜಾಗದಲ್ಲಿ ಅರ್ಧ ಮನೆ ಕಟ್ಟಿತು. ಯಾವ ಅರ್ಧ ಅನ್ನುವುದು ಮುಖ್ಯ. ಮನೆಯವರು ತಾವಾಗಿ ಕಟ್ಟಿಕೊಳ್ಳಲು ಕಷ್ಟವಾದ ಅಡುಗೆಮನೆ, ಬಚ್ಚಲು, ಮೆಟ್ಟಿಲು, ಗಟ್ಟಿ ಗೋಡೆ, ಇಷ್ಟನ್ನು ಕೊಟ್ಟರು. ಎರಡು ಗೋಡೆಗಳ ನಡುವೆ ಖಾಲಿ ಜಾಗ ಬಿಟ್ಟರು. ಕೈಯಲ್ಲಿ ಕಾಸು ಕೂಡಿದ ಹಾಗೆ ಒಬ್ಬರು ಅಲ್ಲಿ ಹಲಗೆ ಹೊಡೆದು ಕೋಣೆ ಮಾಡಿಕೊಂಡರು, ಇನ್ನೊಬ್ಬರು ಕಿಟಕಿ ಇಟ್ಟು ಬಣ್ಣ ಬಳಿದರು.

ಅವಮಾನ ಅಂತ ನನಗನ್ನಿಸುವುದಿಲ್ಲ. ಆದರೆ ಒಂಟಿ ಹೆಂಗಸರು, ವಯಸ್ಸಾದವರು, ದಿನಗೂಲಿಯಲ್ಲೇ ಬದುಕುವವರು ಉಳಿದ ಅರ್ಧ ಹೇಗೆ ಕಟ್ಟಿಕೊಳ್ಳಬೇಕು? ಅಂಥವರಿಗೆ ಸಾಲ, ಮೇಸ್ತ್ರಿ, ಎಂಜಿನಿಯರ್ ಸಹಾಯ ಜೊತೆಗೆ ಕೊಡದಿದ್ದರೆ ಅದು ಅರ್ಧಕ್ಕೇ ನಿಂತುಬಿಡುತ್ತದೆ. ಥಾಯ್ಲೆಂಡ್‌ನಲ್ಲಿ 2003ರಲ್ಲಿ ಶುರುವಾದ ಬಾನ್ ಮಂಕಾಂಗ್ ಯೋಜನೆಯಲ್ಲಿ ಸಾಲ ಒಬ್ಬೊಬ್ಬರಿಗಲ್ಲ, ಕೇರಿಯ ಉಳಿತಾಯ ಗುಂಪಿಗೆ. ಒಬ್ಬರ ಕಂತು ಒಂದು ತಿಂಗಳು ತಪ್ಪಿದರೆ ಗುಂಪು ಹೊರುತ್ತದೆ. ಇದು ನನಗೆ ತುಂಬಾ ಹಿಡಿಸಿದ ಏರ್ಪಾಡು.

ಪ್ರಶ್ನೆ: ಸಬ್ಸಿಡಿಯಲ್ಲಿ ಮನೆ ಕೊಳ್ಳುತ್ತಿದ್ದೇನೆ. ಮುಂದೆ ಮಾರುಕಟ್ಟೆ ಬೆಲೆಗೆ ಮಾರುವಂತಿಲ್ಲ ಅಂತ ಷರತ್ತು ಇದೆ. ನನ್ನ ಮನೆ ನಾನು ಮಾರಿದರೆ ಇವರಿಗೇನು?

ಉತ್ತರ: ನಿಮಗೆ ಕಡಿಮೆ ಬೆಲೆಗೆ ಸಿಕ್ಕ ಮನೆ ನಿಮ್ಮ ನಂತರದವರಿಗೂ ಕಡಿಮೆ ಬೆಲೆಗೇ ಸಿಗಲಿ ಅಂತ. ಅಮೆರಿಕದ ಬರ್ಲಿಂಗ್ಟನ್ ನಗರ 1984ರಲ್ಲಿ ಇದಕ್ಕಾಗಿ ಒಂದು ಭೂ ಟ್ರಸ್ಟ್ ಹುಟ್ಟಲು ನೆರವಾಯಿತು. ಜಾಗ ಟ್ರಸ್ಟಿನದು, ಮನೆ ನಿಮ್ಮದು. ಮಾರುವಾಗ ಬೆಲೆ ಏರಿದ್ದರೆ, ಏರಿದ ಪ್ರತಿ ನೂರರಲ್ಲಿ 25 ನಿಮಗೆ, ಉಳಿದದ್ದು ಮನೆಯಲ್ಲೇ ಉಳಿದು ಮುಂದಿನವರಿಗೆ ಬೆಲೆ ತಗ್ಗಿಸುತ್ತದೆ. ನೀವು ತೀರಿಸಿದ ಅಸಲು ನಿಮ್ಮದೇ.

ನಿಮ್ಮ ಕರಾರಿನಲ್ಲಿ ಏನಿದೆ ಅಂತ ಸಹಿ ಹಾಕುವ ಮೊದಲು ಕೂತು ಓದಿ. ಮಾರುವ ಬೆಲೆಯ ಸೂತ್ರ ಹಾಕಿ ಹತ್ತು ವರ್ಷದ ಲೆಕ್ಕ ಬರೆದು ನೋಡಿ. ನೀವು ಕೈಯಿಂದ ಖರ್ಚು ಮಾಡಿ ಮಾಡಿಸಿದ ರಿಪೇರಿಗೆ ಬೆಲೆ ಕಟ್ಟುತ್ತಾರಾ, ನಿಮ್ಮ ನಂತರ ಮಕ್ಕಳು ಅಲ್ಲೇ ಇರಬಹುದಾ, ಈ ಎರಡನ್ನು ಕೇಳದೆ ಸಹಿ ಹಾಕಬೇಡಿ.