ಸೌಂಡು ಬೇಕೋ, ಪಿಕಪ್ ಬೇಕೋ?

ಪ್ರಶ್ನೆ: ಸರ್, ನನ್ನದು 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಹೆಂಡತಿಯ ತವರು ಬೆಳ್ತಂಗಡಿ, ಆಗಾಗ ಇಬ್ಬರೂ ಬೈಕಿನಲ್ಲೇ ಹೋಗಿಬರುತ್ತೇವೆ. ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಗಾಡಿ ತಿಣುಕುತ್ತದೆ. ಮುಂದೆ ಬಸ್ ಸಿಕ್ಕರೆ ಕೊಟ್ಟಿಗೆಹಾರದವರೆಗೂ ಅದರ ಹೊಗೆ ಕುಡಿಯುವುದೇ ಗತಿ. ಗೆಳೆಯನೊಬ್ಬ ‘ಬೆಂಡ್ ಪೈಪ್ (ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಕೊಳವೆ) ಸಮೇತ ಸೈಲೆನ್ಸರ್ ಬದಲಿಸು, ಟ್ಯೂನ್ ಮಾಡಿಸು, ಗಾಡಿ ಹಾರುತ್ತೆ’ ಅನ್ನುತ್ತಾನೆ. ಎಲ್ಲ ಸೇರಿ 40 ಸಾವಿರ ಹೇಳಿದ್ದಾರೆ. ಮಾಡಿಸಬಹುದಾ? ಸೌಂಡೂ ಚೆನ್ನಾಗಿರಲಿ ಅಂತ ಆಸೆಯಿದೆ, ಸುಳ್ಳು ಯಾಕೆ ಹೇಳಲಿ.
– ಹೆಸರು ಬೇಡ, ಮೂಡಿಗೆರೆ

ಉತ್ತರ: ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ನನ್ನ ಗ್ಯಾರೇಜಿನಲ್ಲಿ ನಾನೂ ಸೈಲೆನ್ಸರ್ ಮಾರುತ್ತೇನೆ, ಟ್ಯೂನಿಂಗೂ ಮಾಡಿಕೊಡುತ್ತೇನೆ. ನೀವು ಹೂಂ ಅಂದರೆ ನನ್ನಂಥ ಯಾರಿಗೋ ವ್ಯಾಪಾರ. ಆದರೂ ನಿಮ್ಮ ಗಾಡಿಗೆ, ನಿಮ್ಮ ದಾರಿಗೆ ಇದು ಬೇಡ.

ನಿಮ್ಮ ಇಂಜಿನ್ ಎಂಥದ್ದು ಅಂತ ನೋಡೋಣ. 349 ಸಿಸಿ. ಸಿಲಿಂಡರ್ ಅಗಲ 72 ಮಿಲಿಮೀಟರ್, ಪಿಸ್ಟನ್ ಓಡಾಡುವ ಉದ್ದ 85.8. ಲಾಂಗ್ ಸ್ಟ್ರೋಕ್ ಅನ್ನುವುದು ಇದಕ್ಕೇ. 6100 ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 20.2 ಬಿಎಚ್‌ಪಿ ಪವರ್, 4000ದಲ್ಲಿ 27 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಜೋರಾಗಿ ತಿರುಗಲು ಮಾಡಿದ ಇಂಜಿನ್ ಅಲ್ಲ ಇದು, ಕೆಳಗಿನಿಂದ ಎಳೆಯಲು ಮಾಡಿದ್ದು. ಗಾಡಿಯ ತೂಕವೇ 195 ಕೆ.ಜಿ. ನೀವಿಬ್ಬರು, ಒಂದು ಬ್ಯಾಗು, ತವರಿನಿಂದ ಬರುವ ತೆಂಗಿನಕಾಯಿ ಎಲ್ಲ ಸೇರಿದರೆ 340 ದಾಟುತ್ತದೆ. (ತೆಂಗಿನಕಾಯಿ ಬಂದೇ ಬರುತ್ತದೆ, ನನಗೂ ಆ ಕಡೆ ನೆಂಟರಿದ್ದಾರೆ.)

ತೆರೆದ ಪೈಪು ಸಾಮಾನ್ಯವಾಗಿ ಕೈಕೊಡುವುದು ಕೆಳಗಿನ ಆರ್‌ಪಿಎಂನಲ್ಲೇ. ಪೈಪಿನೊಳಗೆ ಹೊಗೆ ಅಲೆಅಲೆಯಾಗಿ ಓಡಾಡುತ್ತದೆ. ಆ ಅಲೆ ಸರಿಯಾದ ಹೊತ್ತಿಗೆ ವಾಲ್ವ್ ಹತ್ತಿರ ಬಂದರೆ ಸಿಲಿಂಡರ್ ಚೆನ್ನಾಗಿ ಖಾಲಿಯಾಗಿ ಚೆನ್ನಾಗಿ ತುಂಬುತ್ತದೆ. ಕಂಪನಿಯವರು ಪೈಪಿನ ಉದ್ದ, ದಪ್ಪ ಇಟ್ಟಿರುವುದು ಈ ಲೆಕ್ಕ ನೋಡಿಯೇ. ಬರೀ ಖಾಲಿ ಕೊಳವೆ ಹಾಕಿದರೆ ಮೇಲಿನ ಆರ್‌ಪಿಎಂನಲ್ಲಿ ಒಂದು, ಹೆಚ್ಚೆಂದರೆ ಎರಡು ಬಿಎಚ್‌ಪಿ ಸಿಗಬಹುದು. ಘಾಟಿಯಲ್ಲಿ ಎರಡನೇ, ಮೂರನೇ ಗೇರಿನಲ್ಲಿ ಹತ್ತುವ ನಿಮಗೆ ಬೇಕಾದ ಜಾಗದಲ್ಲಿ ಅದು ಸಿಗುವುದಿಲ್ಲ. ಅಲ್ಲಿ ಇದ್ದದ್ದೂ ಸ್ವಲ್ಪ ಕಮ್ಮಿಯಾಗುವುದುಂಟು. ಆದರೆ ಸೌಂಡು ಜಾಸ್ತಿಯಾಗಿರುತ್ತದಲ್ಲ, ಗಾಡಿ ಜೋರಾಗಿ ಹೋಗುತ್ತಿದೆ ಅಂತ ಕಿವಿ ನಂಬಿಬಿಡುತ್ತದೆ. ಟ್ರಯಲ್ ನೋಡಿ ಬಂದವರ ನಗುವಿಗೂ ನನ್ನ ಡೈನೋ (ಗಾಡಿಯ ಪವರ್ ಅಳೆಯುವ ಯಂತ್ರ) ಗ್ರಾಫಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ.

ಇನ್ನು ಟ್ಯೂನ್. ಹದವಾದ ವೇಗದಲ್ಲಿ ಹೋಗುವಾಗ ನಿಮ್ಮ ಗಾಡಿಯ ಕಂಪ್ಯೂಟರ್ ಆದ ಇಸಿಯು, ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಹೇಳಿದ ಹಾಗೆ ಪೆಟ್ರೋಲ್ ಹಾಕುತ್ತದೆ. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಬೇಕಾದ ಹದ ಇದು. ಆ ಹೊತ್ತಿನಲ್ಲಿ ಸೈಲೆನ್ಸರ್ ಬದಲಾದರೂ ಇಸಿಯು ತಾನೇ ಸರಿಮಾಡಿಕೊಳ್ಳುತ್ತದೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಮಾತ್ರ ಸೆನ್ಸರ್ ಮಾತು ಬಿಟ್ಟು, ಕಂಪನಿಯಲ್ಲಿ ಬರೆದಿಟ್ಟ ಪಟ್ಟಿ ನೋಡಿ ಪೆಟ್ರೋಲ್ ಹಾಕುತ್ತದೆ. ಆ ಪಟ್ಟಿ ಬರೆದಿರುವುದು ಹಳೆಯ ಸೈಲೆನ್ಸರಿಗೆ. ಹೊಸದರಲ್ಲಿ ಗಾಳಿ ಜಾಸ್ತಿ ಹರಿದರೆ ಪೆಟ್ರೋಲ್ ಸಾಲದೆ ಲೀನ್ ಆಗುತ್ತದೆ, ಇಂಜಿನ್ ಬಿಸಿಯೇರುತ್ತದೆ. ನಿಮ್ಮದು ರೇಡಿಯೇಟರ್ ಇಲ್ಲದ, ಗಾಳಿಯಿಂದ ತಣಿಯುವ ಇಂಜಿನ್. ಇಬ್ಬರನ್ನು ಹೊತ್ತು ನಿಧಾನವಾಗಿ ಘಾಟಿ ಹತ್ತುವಾಗ ಗಾಳಿಯೂ ಬಡಿಯುವುದಿಲ್ಲ. ಅಂದರೆ ಟ್ಯೂನಿಗೆ ಕೊಡುವ ದುಡ್ಡಿನಲ್ಲಿ ಅರ್ಧ, ಸೈಲೆನ್ಸರ್ ಕೆಡಿಸಿದ್ದನ್ನು ರಿಪೇರಿ ಮಾಡಲಿಕ್ಕೇ ಹೋಗುತ್ತದೆ.

ಟ್ಯೂನಿಗೆ ಎರಡು ದಾರಿ. ಇಸಿಯು ಒಳಗಿನ ಪಟ್ಟಿಯನ್ನೇ ಬದಲಿಸುವುದು ಒಂದು. ಇಸಿಯು ಮತ್ತು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ನಡುವೆ ಪಿಗ್ಗಿಬ್ಯಾಕ್ ಡಬ್ಬಿ ಕೂರಿಸಿ, ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹೆಚ್ಚುಕಮ್ಮಿ ಮಾಡುವುದು ಇನ್ನೊಂದು. ನಮ್ಮ ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರ ಪವರ್‌ಟ್ರಾನಿಕ್ ಈ ಎರಡನೇ ಬಗೆಯದು, ಹೆಸರು ಕೇಳಿರುತ್ತೀರಿ. ಡಬ್ಬಿ ಒಳ್ಳೆಯದೇ. ಆದರೆ ಆಕ್ಸಿಜನ್ ಸೆನ್ಸರನ್ನು ಹಾಗೇ ಬಿಟ್ಟರೆ, ನೀವು ಉಪ್ಪು ಹಾಕಿದ ಹಾಗೆ ಹಿಂದಿನಿಂದ ಒಬ್ಬರು ನೀರು ಸುರಿಯುತ್ತಿರುತ್ತಾರೆ; ಡಬ್ಬಿ ಹೆಚ್ಚಿಸಿದ ಪೆಟ್ರೋಲನ್ನು ಇಸಿಯು ಮತ್ತೆ ಇಳಿಸುತ್ತಿರುತ್ತದೆ. ಸೆನ್ಸರಿಗೆ ಸುಳ್ಳು ಹೇಳಿಸಿದರೆ ಮೈಲೇಜ್ ಇಳಿಯಬಹುದು, ಹೊಗೆಯೂ ಕೆಡುತ್ತದೆ. ಬೆಂಡ್ ಪೈಪ್ ಸಮೇತ ಕಿತ್ತರಂತೂ ಕ್ಯಾಟಲಿಟಿಕ್ ಕನ್ವರ್ಟರೂ ಹೋಯಿತು. 2022ರದ್ದಾದ್ದರಿಂದ ನಿಮ್ಮದು ಹೊಗೆ ನಿಯಮವಾದ ಬಿಎಸ್6ರ ಮೊದಲ ಹಂತದ ಗಾಡಿ. 2023ರ ಏಪ್ರಿಲ್ ನಂತರದ, ಹೊಗೆಯ ದೋಷವನ್ನು ತಾನೇ ಪತ್ತೆಹಚ್ಚುವ ಒಬಿಡಿ-2 ಗಾಡಿಗಳಲ್ಲಿ ಈ ಆಟಕ್ಕೆ ಮೀಟರಿನಲ್ಲಿ ಲೈಟ್ ಹೊತ್ತಿಕೊಂಡು ಕೂರಬಹುದು.

ಕಾನೂನಿನ ಮಾತು ಚಿಕ್ಕದಾಗಿ. 175 ಸಿಸಿ ಮೇಲಿನ ಬೈಕು ಮಾರುಕಟ್ಟೆಗೆ ಬರುವ ಮೊದಲು ಪಾಸಾಗಬೇಕಾದ ಶಬ್ದದ ಮಿತಿ 80 ಡೆಸಿಬಲ್. ಶಬ್ದ, ಹೊಗೆಯ ನಿಯಮ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬರೆದಿದೆ. ಸ್ಥಳದಲ್ಲಿ ಕಟ್ಟಿಸಿಕೊಳ್ಳುವುದು ಇದಕ್ಕಿಂತ ಕಮ್ಮಿ ಇರಬಹುದು. ಸೈಲೆನ್ಸರ್ ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹತ್ತಿಸುವ ವಿಡಿಯೊ ನೀವೂ ನೋಡಿರುತ್ತೀರಿ. ಅದರಲ್ಲಿ ಅಪ್ಪಚ್ಚಿಯಾಗುವುದು ಯಾರದೋ 15 ಸಾವಿರ.

ಹಾಗಾದರೆ ಘಾಟಿ ಹತ್ತುವುದು ಹೇಗೆ? ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ. ತೋಟದ ದಾರಿಯ ದೂಳು, ಆಮೇಲೆ ಮಳೆಗಾಲದ ಥಂಡಿ, ಎರಡೂ ಸೇರಿ ಅದನ್ನು ರಟ್ಟು ಮಾಡಿಬಿಟ್ಟಿರುತ್ತವೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಬ್ರೇಕ್ ಹಿಡಿದುಕೊಂಡಿದೆಯಾ? ಚೈನ್ ಒಣಗಿ ಗಟ್ಟಿಯಾಗಿದೆಯಾ? ಆಕ್ಸಿಲರೇಟರ್ ಕೊಟ್ಟಾಗ ಇಂಜಿನ್ ಸದ್ದು ಏರಿ ಗಾಡಿ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ ಅಂತ ಲೆಕ್ಕ. ಪಿಕಪ್ ಇಲ್ಲ ಅಂತ ನನ್ನ ಹತ್ತಿರ ಬರುವವರಲ್ಲಿ ಬಹಳ ಮಂದಿಯ ಕಾಯಿಲೆ ಇಲ್ಲೇ ಗುಣವಾಗುತ್ತದೆ.

ಆಮೇಲೆ ಗೇರು. ನಿಮ್ಮ ಗಾಡಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಅದಕ್ಕೇ ಈ ತೊಂದರೆ. ಬುಲೆಟ್ ಅಂದರೆ ಗುಡುಗುಡು ಅಂತ ನಿಧಾನ ಓಡಿಸಬೇಕು ಅಂತ ನಮ್ಮಲ್ಲೊಂದು ನಂಬಿಕೆ. ಪವರ್ ಅಂದರೆ ಟಾರ್ಕ್ ಗುಣಿಸು ಆರ್‌ಪಿಎಂ. ಟಾರ್ಕ್ ಹೆಚ್ಚುಕಮ್ಮಿ ಅಷ್ಟೇ ಇದ್ದರೂ 2000ದಲ್ಲಿ ನಿಮ್ಮ ಕೈಗೆ ಸಿಗುವ ಪವರ್, 4000ದಲ್ಲಿ ಸಿಗುವುದರ ಅರ್ಧ ಮಾತ್ರ. ಬಸ್ ದಾಟುವ ಮೊದಲೇ ಒಂದು ಗೇರ್ ಇಳಿಸಿ, ಇಂಜಿನ್ ಸ್ವಲ್ಪ ಕೂಗಲಿ ಬಿಡಿ. ಏನೂ ಆಗುವುದಿಲ್ಲ. ಯಾವ ಪೈಪೂ ಕೊಡದಷ್ಟು ಬಲ ಅಲ್ಲಿದೆ, ಅದೂ ಪುಕ್ಕಟೆ.

ಇಷ್ಟಾದ ಮೇಲೂ ಸಾಲದು ಅನ್ನಿಸಿದರೆ ಮುಂದಿನ ಸ್ಪ್ರಾಕೆಟಿನಲ್ಲಿ (ಚೈನ್ ಓಡುವ ಹಲ್ಲುಚಕ್ರ) ಒಂದು ಹಲ್ಲು ಕಮ್ಮಿ ಮಾಡಿಸುವ ದಾರಿ ಇದೆ. ಉದಾಹರಣೆಗೆ ಹದಿನೈದು ಹಲ್ಲಿನ ಜಾಗದಲ್ಲಿ ಹದಿನಾಲ್ಕು ಬಂದರೆ ಎಲ್ಲ ಗೇರಿನಲ್ಲೂ ಚಕ್ರಕ್ಕೆ ಹೋಗುವ ಎಳೆತ ಸುಮಾರು ಶೇ 7 ಜಾಸ್ತಿ. ಖರ್ಚು ಸೈಲೆನ್ಸರಿನ ಒಂದು ಮೂಲೆಗೂ ಬರುವುದಿಲ್ಲ. ಬದಲಿಗೆ ಹೈವೇಯಲ್ಲಿ ಅದೇ ವೇಗಕ್ಕೆ ಇಂಜಿನ್ ಅಷ್ಟೇ ಜಾಸ್ತಿ ತಿರುಗುತ್ತದೆ, ಮೈಲೇಜಿಗೂ ಸ್ವಲ್ಪ ಪೆಟ್ಟು. ವಾರಂಟಿ ಉಳಿದಿದ್ದರೆ ಮೊದಲು ಶೋರೂಮಿನಲ್ಲಿ ಕೇಳಿ. ನೀವು ಹೈವೇಗಿಂತ ಘಾಟಿಯಲ್ಲೇ ಜಾಸ್ತಿ ಓಡಾಡುವುದಾದರೆ ನಾನು ಇದಕ್ಕೇ ಹೂಂ ಅನ್ನುತ್ತೇನೆ.

ಸೌಂಡಿನ ಆಸೆ ತಪ್ಪಲ್ಲ. ನನಗೂ ಇದೆ. ಆದರೆ ಅದನ್ನು ಪಿಕಪ್ ಹೆಸರಿನಲ್ಲಿ 40 ಸಾವಿರ ಕೊಟ್ಟು ಕೊಳ್ಳಬೇಡಿ. ಬೇಕೇ ಬೇಕು ಅಂದರೆ ಬೆಂಡ್ ಪೈಪ್ ಮುಟ್ಟದೆ, ಕಂಪನಿಯ ಆಕ್ಸೆಸರಿ ಪಟ್ಟಿಯಲ್ಲಿ ನಿಮ್ಮ ಮಾಡೆಲ್‌ಗೆ ಸೈಲೆನ್ಸರ್ ಇದ್ದರೆ ಅದನ್ನೇ ಕೇಳಿ. ಮತ್ತೆ ನಿಮ್ಮ ಮೂಡಿಗೆರೆ ಕಡೆ ಬೆಳಗಿನ ಜಾವ ರಸ್ತೆಯಲ್ಲಿ ಆನೆ ನಿಂತಿರುವುದು ಹೊಸದೇನಲ್ಲ. ತೆರೆದ ಸೈಲೆನ್ಸರ್ ಹಾಕಿಕೊಂಡು ಅದರೆದುರು ಹೋಗುವುದು ನನಗಂತೂ ಬೇಡ.

ಪ್ರಶ್ನೆ: 2019ರ ಕೆಟಿಎಂ 390 ಡ್ಯೂಕ್ ಸೆಕೆಂಡ್ ಹ್ಯಾಂಡ್ ನೋಡಿದ್ದೇನೆ. ಫುಲ್ ಎಕ್ಸಾಸ್ಟ್, ಪಿಗ್ಗಿಬ್ಯಾಕ್ ಹಾಕಿಸಿದ್ದಾರೆ. ಈಗ 55 ಬಿಎಚ್‌ಪಿ ಬರುತ್ತೆ ಅಂತಾರೆ, ಅದಕ್ಕೆ 30 ಸಾವಿರ ಜಾಸ್ತಿ ಕೇಳುತ್ತಾರೆ. ಕೊಡಬಹುದಾ?
– ಓದುಗ, ಹುಬ್ಬಳ್ಳಿ

ಉತ್ತರ: ಕೊಡಬೇಡಿ. ಆ ಗಾಡಿ ಕಂಪನಿಯಿಂದ ಬಂದಾಗಲೇ 43 ಬಿಎಚ್‌ಪಿ ಆಸುಪಾಸು, ಅದೂ ಕ್ರ್ಯಾಂಕಿನಲ್ಲಿ, ಅಂದರೆ ಇಂಜಿನ್ನಿನಲ್ಲೇ ಅಳೆದದ್ದು. ಚಕ್ರಕ್ಕೆ ಬರುವಷ್ಟರಲ್ಲಿ ಶೇ 10–15 ಕಳೆದಿರುತ್ತದೆ. ಪೈಪಿಗೂ ಡಬ್ಬಿಗೂ ಹನ್ನೆರಡು ಬಿಎಚ್‌ಪಿ ಏರುವ ಇಂಜಿನ್ ಅಲ್ಲ ಅದು. ಒಂದೇ ದಿನ, ಒಂದೇ ಡೈನೋದಲ್ಲಿ ತೆಗೆದ ಮೊದಲಿನ ಮತ್ತು ಆಮೇಲಿನ ಗ್ರಾಫ್ ಕೇಳಿ. ಇದ್ದರೆ ತುದಿಯ ಅಂಕಿ ನೋಡಬೇಡಿ, ನೀವು ದಿನಾ ಓಡಿಸುವ ಆರ್‌ಪಿಎಂನಲ್ಲಿ ಗೆರೆ ಮೇಲಿದೆಯಾ ಕೆಳಗಿದೆಯಾ ನೋಡಿ. ಹಳೆಯ ಸೈಲೆನ್ಸರ್ ಅವರ ಅಟ್ಟದ ಮೇಲಿದೆಯಾ? ಇದ್ದರೆ ಗಾಡಿಯ ಜೊತೆಗೇ ಕೊಡಲಿ. ಇಲ್ಲದಿದ್ದರೆ ಅದರ ಬೆಲೆ ಕಳೆದು ವ್ಯಾಪಾರ ಮಾಡಿ. ಸೀಟ್ ತೆಗೆಸಿ ವೈರಿಂಗ್ ನೋಡುವುದನ್ನು ಮರೆಯಬೇಡಿ. ವೈರ್ ಕತ್ತರಿಸಿ ಟೇಪ್ ಸುತ್ತಿದ್ದರೆ ಬೇರೆ ಗಾಡಿ ಹುಡುಕಿ.

ಪ್ರಶ್ನೆ: ನಮ್ಮ ಯಜಮಾನರು ಹೊಸ ಸೈಲೆನ್ಸರ್ ಹಾಕಿಸಿದ ಮೇಲೆ ಆಕ್ಸಿಲರೇಟರ್ ಬಿಟ್ಟಾಗೆಲ್ಲ ಪಟಪಟ ಅಂತ ಸಿಡಿಯುತ್ತೆ. ಅದೇ ಸ್ಟೈಲ್ ಅಂತಾರೆ. ಮಗು ಎದ್ದು ಅಳುತ್ತೆ. ಗಾಡಿಗೆ ತೊಂದರೆ ಇದೆಯಾ?
– ಗೃಹಿಣಿ, ದಾವಣಗೆರೆ

ಉತ್ತರ: ಅಮ್ಮಾ, ಒಳಗೆ ಪೂರ್ತಿ ಉರಿಯದ ಪೆಟ್ರೋಲ್ ಬಿಸಿ ಪೈಪಿನಲ್ಲಿ ಉರಿಯುವ ಸದ್ದು ಅದು. ಅಪರೂಪಕ್ಕೊಮ್ಮೆ ಆದರೆ ಚಿಂತೆಯಿಲ್ಲ. ಪ್ರತಿಸಲವೂ ಆಗುತ್ತಿದ್ದರೆ ಸೈಲೆನ್ಸರ್ ಜೋಡಿಸಿದ ಜಾಗದಲ್ಲಿ ಗಾಳಿ ಒಳಗೆ ಎಳೆಯುತ್ತಿರಬಹುದು. ಇಂಜಿನ್ ತಣ್ಣಗಿರುವಾಗ ಗ್ಯಾಸ್ಕೆಟ್ ಹೊಸದು ಹಾಕಿಸಿ, ಕ್ಲಾಂಪ್ ಬಿಗಿ ಮಾಡಿಸಲು ಹೇಳಿ. ಹಾಗೆಯೇ ಸೈಲೆನ್ಸರ್ ಬಾಯಿಯೊಳಗೆ ಡಿಬಿ ಕಿಲ್ಲರ್ (ಸದ್ದು ತಗ್ಗಿಸುವ ಸಣ್ಣ ಕೊಳವೆ) ಇದೆಯಾ ಅಂತ ಒಮ್ಮೆ ನೋಡಿ. ಇಲ್ಲದಿದ್ದರೆ ಅದು ಬಹುಶಃ ಸೈಲೆನ್ಸರ್ ಬಂದ ಡಬ್ಬದಲ್ಲೇ ಉಳಿದಿರುತ್ತದೆ. ಒಂದು ಬೋಲ್ಟಿನ ಕೆಲಸ, ಯಜಮಾನರ ಕೈಯಲ್ಲೇ ಹಾಕಿಸಿ.